ಸುವರ್ಣ ರಥದ ಏಳುಬೀಳು: ಗಡಿಭಾಗ ಕಲಿಯಬೇಕಾದ ಪಾಠ

ಹಂಪಿಯ ಕಲ್ಲಿನ ರಥವನ್ನು ನೆನಪಿಸುವ ಹೆಸರಿನೊಡನೆ 2008ರಲ್ಲಿ ಹಳಿಗಿಳಿದ ‘ಗೋಲ್ಡನ್ ಚಾರಿಯಟ್’ ರೈಲು ಹತ್ತೇ ವರ್ಷಗಳಲ್ಲಿ, 2018ರಲ್ಲಿ, ನಷ್ಟದಿಂದಾಗಿ ನಿಂತುಹೋಯಿತು. 2019ರಲ್ಲಿ ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಅದರ ನಿರ್ವಹಣೆಯನ್ನು ಐಆರ್‌ಸಿಟಿಸಿಗೆ ಒಪ್ಪಿಸಿತು. 2024ರ ಡಿಸೆಂಬರಿನಲ್ಲಿ ಅದು ಮತ್ತೆ ಹೊರಟಿತು. ಈ ಏಳುಬೀಳನ್ನು ಗಡಿಭಾಗದ ಕನ್ನಡಿಗರೂ ಗಮನಿಸಬೇಕು.

ಕದಂಬ, ಹೊಯ್ಸಳ, ರಾಷ್ಟ್ರಕೂಟ, ಚಾಲುಕ್ಯ ಎಂದು ಬೋಗಿಗಳಿಗೆ ರಾಜವಂಶಗಳ ಹೆಸರಿಟ್ಟದ್ದು ಅಭಿಮಾನದ ಸಂಗತಿ. ಬೇಲೂರು, ಹಂಪಿ, ಬಾದಾಮಿಗಳು ಒಂದೇ ಯಾತ್ರೆಯಲ್ಲಿ ಕೂಡಿಬಂದವು. ಆದರೆ ಯೋಜನೆ ನೆಚ್ಚಿದ್ದು ಬಹುಮಟ್ಟಿಗೆ ವಿದೇಶಿ ಪ್ರವಾಸಿಗರನ್ನು. ಅದೇ ವರ್ಷ ಜಾಗತಿಕ ಆರ್ಥಿಕ ಕುಸಿತವೂ ನವೆಂಬರಿನಲ್ಲಿ ಮುಂಬಯಿ ದಾಳಿಯೂ ಸಂಭವಿಸಿದವು. ಕೊಠಡಿಗಳು ಖಾಲಿಯಿದ್ದರೂ ಎಂಜಿನ್, ಸಿಬ್ಬಂದಿ, ಹಳಿ ಬಳಕೆಯ ವೆಚ್ಚ ತಗ್ಗುವುದಿಲ್ಲ. ದುಬಾರಿ ದರದಿಂದ ನಾಡಿನ ಮಧ್ಯಮ ವರ್ಗ ದೂರವೇ ಉಳಿಯಿತು. ತನ್ನ ಜನರೇ ಏರಲಾಗದ ರಥವನ್ನು ಎಳೆಯುವವರು ಯಾರು?

ಮಹಾರಾಷ್ಟ್ರದ ‘ಡೆಕ್ಕನ್ ಒಡಿಸ್ಸಿ’ಯ ಕಥೆಯೂ ಭಿನ್ನವಲ್ಲ. 2004ರಲ್ಲಿ ಆರಂಭವಾದ ಅದು ಕೊರೊನಾ ಕಾಲದಲ್ಲಿ ನಿಂತು, 2023ರಲ್ಲಿ ಪುನರಾರಂಭಗೊಂಡಿತು. ಅದರ ಯಾತ್ರಾಪಟ್ಟಿಯಲ್ಲಿ ನಮ್ಮ ಕೊಲ್ಲಾಪುರವೂ ಸೇರಿದೆ. ಕೊಲ್ಲಾಪುರದ ಶಿಲಾಹಾರರು ಕನ್ನಡದಲ್ಲಿ ಶಾಸನ ಬರೆಸಿದವರು. ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲೂ ಕನ್ನಡ ಶಾಸನಗಳಿವೆ. ಪ್ರವಾಸಿಗನಿಗೆ ಈ ಸಂಗತಿಯನ್ನು ಮರಾಠಿಯ ಜೊತೆಗೆ ಕನ್ನಡದಲ್ಲೂ ತಿಳಿಸುವ ಫಲಕ ನೆಟ್ಟರೆ ಯಾರ ಭಾಷೆಗೂ ಕುಂದುಂಟಾಗದು. ಪರಂಪರೆಯನ್ನು ಮಾರುವವರು ಮೊದಲು ಅದನ್ನು ಪೂರ್ಣವಾಗಿ ಓದಬೇಕು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಹಳಿಯದು. ಇಂದಿಗೂ ಕೊಲ್ಲಾಪುರದಿಂದ ಬೆಳಗಾವಿಗೆ ರೈಲಿನಲ್ಲಿ ಹೋಗಬೇಕಾದರೆ ಮೀರಜ ಸುತ್ತಿಯೇ ಸಾಗಬೇಕು. ನೂಲ, ಗಡಹಿಂಗ್ಲಜ, ಸಂಕೇಶ್ವರಗಳು ರೈಲು ನಕ್ಷೆಯ ಹೊರಗೇ ಉಳಿದಿವೆ. ಸಂಕೇಶ್ವರದ ಮೂಲಕ ನೇರ ಮಾರ್ಗ ಬೇಕೆಂಬುದು ಬಹುಕಾಲದ ಬೇಡಿಕೆ. ಉನ್ನತ ಶಿಕ್ಷಣಕ್ಕೆ ಬೆಳಗಾವಿ, ಧಾರವಾಡಗಳತ್ತ ನೋಡುವ ಇಲ್ಲಿನ ಕನ್ನಡ ಶಾಲೆಗಳ ಮಕ್ಕಳಿಗೆ ಅದು ವಿಲಾಸವಲ್ಲ, ಬದುಕಿನ ದಾರಿ.

ಐಷಾರಾಮಿ ರೈಲುಗಳು ಓಡಲಿ. ಅವುಗಳ ಲಾಭನಷ್ಟದ ಲೆಕ್ಕ ಜನರ ಮುಂದಿರಲಿ. ಆದರೆ ಎರಡೂ ರಾಜ್ಯಗಳ ಪ್ರತಿನಿಧಿಗಳು ಮೊದಲು ಕೂಡಿ ಕೇಳಬೇಕಾದುದು ನಿತ್ಯ ಸಂಚರಿಸುವ ಸಾಮಾನ್ಯ ರೈಲನ್ನು. ಅದು ಬಂದರೆ ಖಿದ್ರಾಪುರವನ್ನೂ ಬಾದಾಮಿಯನ್ನೂ ನಮ್ಮ ಮಕ್ಕಳೇ ಮೊದಲು ನೋಡಿಯಾರು.