ಉದ್ಯಾನದಲ್ಲಿ ಬೈಸಿಕಲ್ಲು: ಕಟ್ಟಳೆಯೂ ಜುಲ್ಮಾನೆಯೂ

ಲಂಡನ್ ನಗರದ ರಾಜೋದ್ಯಾನಗಳಲ್ಲಿ ಬೈಸಿಕಲ್ಲು ಸವಾರರಿಗೂ ಪಾದಚಾರಿಗಳಿಗೂ ನಡುವೆ ಕೆಲವು ವರ್ಷಗಳಿಂದ ನಡೆದುಬಂದಿರುವ ವಿವಾದವು ಮೇಲುನೋಟಕ್ಕೆ ದೂರದೇಶದ ಒಂದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಸಾರ್ವಜನಿಕವಾದ ಸ್ಥಳದಲ್ಲಿ ಯಾರಿಗೆ ಎಷ್ಟು ಹಕ್ಕು, ಆ ಹಕ್ಕಿಗೆ ಎಲ್ಲೆಯನ್ನು ಹಾಕತಕ್ಕವರು ಯಾರು, ಎಲ್ಲೆಯನ್ನು ಮೀರಿದವನನ್ನು ಯಾವ ನ್ಯಾಯದಿಂದ ಶಿಕ್ಷಿಸಬೇಕು ಎಂಬ ಮೂರು ಪ್ರಶ್ನೆಗಳೂ ಅದರಲ್ಲಿ ಅಡಗಿವೆ. ಆದುದರಿಂದ ನಮ್ಮ ಪೌರರೂ ಅಧಿಕಾರಿವರ್ಗದವರೂ ಅದನ್ನು ಕುರಿತು ಆಲೋಚಿಸುವುದು ನಿಷ್ಪ್ರಯೋಜಕವಾಗಲಾರದು.

ಸಂಗತಿಯು ಹೀಗಿದೆ. ರಾಜೋದ್ಯಾನಗಳ 1997ನೆಯ ಇಸವಿಯ ನಿಬಂಧನೆಗಳ ಪ್ರಕಾರ, ರಸ್ತೆಗಳಲ್ಲಿಯೂ ಗುರುತುಮಾಡಿದ ಹಾದಿಗಳಲ್ಲಿಯೂ ಹೊರತು ಬೇರೆಲ್ಲಿಯೂ ಬೈಸಿಕಲ್ಲನ್ನು ನಡೆಸಕೂಡದು. ನಡೆಸಿದವನು ಜುಲ್ಮಾನೆಗೆ ಗುರಿಯಾಗತಕ್ಕವನು. 2022ನೆಯ ಇಸವಿ ಜೂನ್ ತಿಂಗಳಿನಲ್ಲಿ ರೀಜೆಂಟ್ ಉದ್ಯಾನದ ಹೊರವಲಯದ ರಸ್ತೆಯನ್ನು ದಾಟುತ್ತಿದ್ದ 81 ವರ್ಷದ ವೃದ್ಧೆಯೊಬ್ಬರಿಗೆ, ಗುಂಪುಗೂಡಿ ಸುತ್ತುಹಾಕುತ್ತಿದ್ದ ಸವಾರರಲ್ಲಿ ಒಬ್ಬನ ಬೈಸಿಕಲ್ಲು ತಗುಲಿತು. ಸುಮಾರು ಎರಡು ತಿಂಗಳು ನರಳಿ ಅವರು ತೀರಿಕೊಂಡರು. ಆ ಗುಂಪು ಗಂಟೆಗೆ 25ರಿಂದ 29 ಮೈಲಿ ವೇಗದಲ್ಲಿದ್ದಿತೆಂದು 2024ರಲ್ಲಿ ನಡೆದ ಮರಣವಿಚಾರಣೆಯಲ್ಲಿ ಹೊರಪಟ್ಟಿತು. ಆ ರಸ್ತೆಯ ವೇಗಮಿತಿ 20 ಮೈಲಿ. ಆದರೆ ಆ ಮಿತಿಯು ಯಂತ್ರಚಾಲಿತ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಬೈಸಿಕಲ್ಲಿಗೆ ಅನ್ವಯಿಸುವುದಿಲ್ಲವೆಂದು ಪೊಲೀಸಿನವರು ಹೇಳಬೇಕಾಯಿತು. ಸವಾರನ ಮೇಲೆ ಮೊಕದ್ದಮೆಯೂ ನಡೆಯಲಿಲ್ಲ.

ಇದರ ಫಲಿತಾರ್ಥವನ್ನು ವಾಚಕರು ಗಮನಿಸಬೇಕು. ನಡಿಗೆಯ ವೇಗಕ್ಕಿಂತ ಕೊಂಚವೇ ಹೆಚ್ಚಾಗಿ, ಮೆಲ್ಲಗೆ, ನಿಷಿದ್ಧವಾದ ಕಾಲುದಾರಿಯಲ್ಲಿ ಹೋದ ಗುಮಾಸ್ತನು ದಂಡ ತೆರಬೇಕು. ರಸ್ತೆಯ ಮೇಲೆ ಬಾಣದಂತೆ ನುಗ್ಗಿದವನಿಗೆ ನಿಬಂಧನೆಯ ಬಾಧೆ ಇಲ್ಲ. ಕಟ್ಟಳೆಯು ಸ್ಥಳವನ್ನು ನೋಡಿತು, ಅಪಾಯವನ್ನು ನೋಡಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವರಿಯೆವು.

ಉಭಯಪಕ್ಷಗಳ ವಾದದಲ್ಲಿಯೂ ಹುರುಳಿಲ್ಲದೆ ಇಲ್ಲ. ಉದ್ಯಾನವು ವಿಶ್ರಾಂತಿಯ ಸ್ಥಳ. ಮುದುಕರೂ ಮಕ್ಕಳೂ ಗರ್ಭಿಣಿಯರೂ ಬೆನ್ನ ಹಿಂದೆ ಏನು ಬರುತ್ತದೆಯೋ ಎಂಬ ಭಯವಿಲ್ಲದೆ ನಡೆದಾಡಲು ಉಳಿದಿರುವುದು ಅದೊಂದೇ ಎಂದು ಪಾದಚಾರಿಗಳು ಹೇಳುತ್ತಾರೆ. ಬೈಸಿಕಲ್ಲು ಹೊಗೆಯನ್ನೂ ಗದ್ದಲವನ್ನೂ ಉಂಟುಮಾಡದ ವಾಹನ. ನಗರದ ಬೀದಿಗಳಲ್ಲಿ ಲಾರಿ ಮೋಟಾರುಗಳ ನಡುವೆ ಪ್ರಾಣವನ್ನು ಕೈಯಲ್ಲಿ ಹಿಡಿದು ಸಾಗುವವರಿಗೆ ಉದ್ಯಾನದ ದಾರಿಯೇ ಆಸರೆ. ನೂರರಲ್ಲಿ ಒಬ್ಬನು ಮದೋನ್ಮತ್ತನಾಗಿ ಓಡಿಸಿದನೆಂದು ಉಳಿದವರೆಲ್ಲರನ್ನೂ ಹೊರಗಟ್ಟುವುದು ಅನ್ಯಾಯವೆಂದು ಸವಾರರು ಹೇಳುತ್ತಾರೆ. ಎರಡೂ ನಿಜ. ಎರಡು ನಿಜಗಳು ಎದುರಾದ ಕಡೆ ನಿಬಂಧನೆ ಬೇಕು. ಆ ನಿಬಂಧನೆ ಹೇಗಿರಬೇಕೆಂಬುದೇ ಪ್ರಶ್ನೆ.

ಈ ಉದ್ಯಾನಗಳ ಪೂರ್ವಚರಿತ್ರೆಯು ಇಲ್ಲಿ ನಮಗೆ ಸ್ವಲ್ಪ ಬೆಳಕನ್ನು ಕೊಡುತ್ತದೆ. ಒಂದನೆಯ ಚಾರಲ್ಸ್ ದೊರೆಯು 1637ರಲ್ಲಿ ಹೈಡ್ ಉದ್ಯಾನವನ್ನು ಪ್ರಜೆಗಳಿಗೆ ತೆರೆದನು. ಅದೇ ವರ್ಷ ರಿಚ್ಮಂಡಿನಲ್ಲಿ ತನ್ನ ಬೇಟೆಗಾಗಿ ಪ್ರಜೆಗಳ ಭೂಮಿಗೆ ಗೋಡೆ ಹಾಕಿಸಿದನು. ಮುಂದೆ ರಾಜಕುಮಾರಿ ಅಮೀಲಿಯಾ ಎಂಬವಳು ಅಲ್ಲಿನ ಪಾಲಕಳಾಗಿ, ಚೀಟಿಯುಳ್ಳವರಿಗೆ ಹೊರತು ಇತರರಿಗೆ ಪ್ರವೇಶವಿಲ್ಲವೆಂದು ಕಟ್ಟುಮಾಡಿದಳು. ಜಾನ್ ಲೂಯಿಸ್ ಎಂಬ ಮದ್ಯತಯಾರಿಕೆಯ ಸಾಮಾನ್ಯ ಗೃಹಸ್ಥನು ಬಾಗಿಲಲ್ಲಿ ತಡೆಯಲ್ಪಟ್ಟು ನ್ಯಾಯಾಸ್ಥಾನಕ್ಕೆ ಹೋದನು; 1758ರಲ್ಲಿ ಕಾಲುನಡೆಯ ಹಕ್ಕು ಪ್ರಜೆಗಳದೆಂದು ತೀರ್ಪಾಯಿತು. ಬಾಗಿಲು ಬೇಕೋ ಗೋಡೆಯೇರುವ ಏಣಿ ಬೇಕೋ ಎಂದು ಕೇಳಿದಾಗ, ಬಾಗಿಲಿಗೆ ಬೀಗ ಬಿದ್ದೀತೆಂದು ಅವನು ಏಣಿಯನ್ನೇ ಆರಿಸಿಕೊಂಡನು. ಏಣಿಯ ಮೆಟ್ಟಿಲುಗಳನ್ನು ಬೇಕೆಂದೇ ದೂರದೂರ ಇಟ್ಟಿದ್ದರು; ಮಕ್ಕಳೂ ಮುದುಕರೂ ಹತ್ತಲಾರರೆಂದು ಅವನು ಮತ್ತೆ ಅಹವಾಲು ಹೇಳಿಕೊಂಡನು. ಮುದುಕಿಯೂ ಹತ್ತುವಂತೆ ಮೆಟ್ಟಿಲಿರಬೇಕೆಂದು ನ್ಯಾಯಾಧಿಪತಿಯು ವಿಧಿಸಿದನು. ಹಕ್ಕನ್ನು ಕಾಗದದಲ್ಲಿ ಕೊಟ್ಟು ಕೈಯಲ್ಲಿ ಕಸಿದುಕೊಳ್ಳುವ ವಿದ್ಯೆ ಎಲ್ಲ ಕಾಲದ ಅಧಿಕಾರಿಗಳಿಗೂ ಗೊತ್ತು. ಮೆಟ್ಟಿಲ ಅಂತರವನ್ನು ಅಳೆದು ನೋಡುವ ಪೌರನು ಮಾತ್ರ ಅಪೂರ್ವ. 1866ರಲ್ಲಿ ಮತದಾನದ ಹಕ್ಕಿಗಾಗಿ ಸಭೆ ಸೇರಬಂದ ಜನರಿಗೆ ಹೈಡ್ ಉದ್ಯಾನದ ಬಾಗಿಲನ್ನು ಮುಚ್ಚಿದಾಗ ಕಂಬಿಬೇಲಿಯೇ ಉರುಳಿಬಿದ್ದಿತು. ನಮ್ಮನ್ನು ಆಳಿದ ಆ ಜನರು ತಮ್ಮ ನಾಡಿನಲ್ಲಿ ಉದ್ಯಾನದ ಹಕ್ಕನ್ನು ದಾನವಾಗಿ ಪಡೆಯಲಿಲ್ಲ, ವಾದಿಸಿ ಪಡೆದರು.

ಆದರೆ ಹೀಗೆ ಪಡೆದ ಹಕ್ಕು ಮೊದಲು ಕಾಲುನಡೆಯವನದು ಎಂಬುದನ್ನು ಸವಾರರು ಮರೆಯಕೂಡದು. ಬೈಸಿಕಲ್ಲು ಒಂದು ಗಾಡಿಯೆಂದು 1888ರ ಶಾಸನವು ಅಂಗೀಕರಿಸಿತು. ರಸ್ತೆಯಲ್ಲಿ ಗಾಡಿಗಿರುವ ಹಕ್ಕು ಅದಕ್ಕೆ ಬಂದಿತು. ಗಾಡಿಯ ಹಕ್ಕನ್ನು ಬೇಡುವವನು ಗಾಡಿಯ ಹೊಣೆಯನ್ನೂ ಹೊರಬೇಕು. ಅತಿವೇಗದಿಂದ ಓಡಿಸಿ ದೇಹಕ್ಕೆ ಕೇಡುಮಾಡಿದ ಸವಾರನನ್ನು ಶಿಕ್ಷಿಸಲು ಅಲ್ಲಿನ ನ್ಯಾಯಾಸ್ಥಾನಗಳು ಕುದುರೆಗಾಡಿಗಳ ಕಾಲದ 1861ರ ಶಾಸನವನ್ನು ಹುಡುಕಿ ತೆಗೆಯಬೇಕಾದುದು ನಗೆಪಾಟಲಿನ ವಿಷಯ. 2024ರಲ್ಲಿ ಪಾರ್ಲಿಮೆಂಟಿನ ಮುಂದೆ ಬಂದ ತಿದ್ದುಪಡಿಯು ಚುನಾವಣೆಯ ಗಲಭೆಯಲ್ಲಿ ಮಸೂದೆಯೊಡನೆ ಬಿದ್ದುಹೋಯಿತು. 2025ರಲ್ಲಿ ಮತ್ತೊಂದು ಮಸೂದೆಯಲ್ಲಿ ಅದೇ ವಿಷಯವನ್ನು ಸೇರಿಸಿದರು.

ಜುಲ್ಮಾನೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ಜುಲ್ಮಾನೆಯು ತಿದ್ದುವುದಕ್ಕಾಗಿ ಇರತಕ್ಕದ್ದು, ಬೊಕ್ಕಸವನ್ನು ತುಂಬುವುದಕ್ಕಾಗಿ ಅಲ್ಲ. ಎಲ್ಲಿ ಹೋಗಬಹುದು, ಎಲ್ಲಿ ಹೋಗಕೂಡದು, ಎಷ್ಟು ವೇಗ ಸಲ್ಲುತ್ತದೆ ಎಂಬುದನ್ನು ಜನರ ಭಾಷೆಯಲ್ಲಿ, ಕಣ್ಣಿಗೆ ಕಾಣುವ ಎತ್ತರದಲ್ಲಿ, ಹಲಗೆಯ ಮೇಲೆ ಬರೆಯಿಸಿರಬೇಕು. ಹಲಗೆಯನ್ನು ಮರದ ಮರೆಯಲ್ಲಿಟ್ಟು ಜವಾನನನ್ನು ತಿರುವಿನಲ್ಲಿ ನಿಲ್ಲಿಸುವುದು ಬಂದೋಬಸ್ತಲ್ಲ, ಬೇಟೆ. ಮೊದಲ ತಪ್ಪಿಗೆ ಎಚ್ಚರಿಕೆ, ಮರುತಪ್ಪಿಗೆ ದಂಡ, ಪರರ ದೇಹಕ್ಕೆ ಅಪಾಯ ತಂದವನಿಗೆ ನ್ಯಾಯಾಸ್ಥಾನ ಎಂಬ ಕ್ರಮವಿರಬೇಕು. ದಂಡ ತೆತ್ತವನಿಗೆ ರಸೀತಿಯೂ, ಒಪ್ಪದವನಿಗೆ ಅಪೀಲಿನ ದಾರಿಯೂ ಇರಬೇಕು. ವಸೂಲಾದ ಹಣವು ಆ ಉದ್ಯಾನದ ಹಾದಿಗಳಿಗೇ ವೆಚ್ಚವಾಗಬೇಕು.

ಮತ್ತೊಂದು ಮಾತನ್ನು ಹೇಳದಿರಲಾಗದು. ಬೈಸಿಕಲ್ಲನ್ನು ದೂರುವವರಲ್ಲಿ ಹಲವರು ಉದ್ಯಾನದ ಬಾಗಿಲವರೆಗೆ ಮೋಟಾರಿನಲ್ಲಿ ಬರತಕ್ಕವರು. ರಿಚ್ಮಂಡ್ ಮೊದಲಾದ ಉದ್ಯಾನಗಳಲ್ಲಿ ಅಡ್ಡದಾರಿ ಹಿಡಿಯುವ ಮೋಟಾರುಗಳನ್ನು ತಡೆಯಲು 2020ರಲ್ಲಿ ಪ್ರಯೋಗ ನಡೆಸಬೇಕಾಯಿತೆಂಬುದನ್ನು ನೆನೆಯಬೇಕು. ಆನೆಗೆ ದಾರಿ ಬಿಟ್ಟು ಆಡಿಗೆ ಸುಂಕ ಹಾಕುವ ನೀತಿಯು ಯಾವ ದೇಶಕ್ಕೂ ಶೋಭಿಸುವುದಿಲ್ಲ.

ಇದೆಲ್ಲವೂ ನಮಗೇಕೆ ಎನ್ನುವವರು ಬೆಂಗಳೂರಿನ ಕಬ್ಬನ್ ಪಾರ್ಕನ್ನು ನೋಡಲಿ. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು ಇಂಗ್ಲಿಷರ ಮಾದರಿಯಲ್ಲಿಯೇ ಅದನ್ನು ನಿರ್ಮಿಸಿದರು. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರರ ಹೆಸರಾಯಿತು. 1975ರಲ್ಲಿ ಸರ್ಕಾರಿ ಉದ್ಯಾನಗಳ ರಕ್ಷಣೆಗೆ ಶಾಸನವೂ ಆಯಿತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಒಳರಸ್ತೆಗಳು ಮುಚ್ಚಿದ್ದಾಗ ನಗರವಾಸಿಗಳು ಆ ನಿಶ್ಶಬ್ದವನ್ನು ಕಂಡರು. ಮೋಟಾರುಗಳು ಮತ್ತೆ ಬರಕೂಡದೆಂದು ಹಲವರು ಒತ್ತಾಯಪಡಿಸಿದರು. ಮಾದರಿಯನ್ನು ಅವರಿಂದ ತಂದವರು ಅವರ ತೊಡಕುಗಳಿಂದ ಪಾಠವನ್ನೂ ಕಲಿಯಬೇಡವೆ? ಅಪಘಾತವಾಗಿ ಪ್ರಾಣ ಹೋದ ಮೇಲೆ ನಿಬಂಧನೆಯ ಪುಟಗಳನ್ನು ತಿರುವಿಹಾಕುವುದಕ್ಕಿಂತ, ನಡೆಯುವವರನ್ನೂ ಸವಾರರನ್ನೂ ತೋಟಗಾರಿಕೆಯ ಅಧಿಕಾರಿಗಳನ್ನೂ ಪೊಲೀಸಿನವರನ್ನೂ ಒಂದು ಸಭೆಯಲ್ಲಿ ಕೂರಿಸಿ ಮುಂಚೆಯೇ ಕಟ್ಟಳೆಯನ್ನು ಗೊತ್ತುಮಾಡುವುದು ಮೇಲು.

ಉದ್ಯಾನದಲ್ಲಿ ಮೊದಲ ಹಕ್ಕು ನಿಧಾನವಾಗಿ ನಡೆಯುವವನದು, ಎರಡನೆಯದು ತನ್ನ ಕಾಲಬಲದಿಂದ ಸಾಗುವವನದು, ಯಂತ್ರಬಲದವನದು ಕಟ್ಟಕಡೆಯದು. ಈ ಅನುಕ್ರಮವನ್ನು ಒಪ್ಪಿದರೆ ಹಾದಿ, ವೇಗ, ದಂಡ ಎಲ್ಲವೂ ತಾವಾಗಿ ಗೊತ್ತಾಗುತ್ತವೆ. ಮುದುಕಿಯೂ ಹತ್ತುವಂತೆ ಮೆಟ್ಟಿಲಿರಬೇಕೆಂದ ಆ ನ್ಯಾಯಾಧಿಪತಿಯ ಅಳತೆಗೋಲನ್ನು ಅಧಿಕಾರಿಗಳು ಎಲ್ಲ ಉದ್ಯಾನಗಳಲ್ಲಿಯೂ ಇಟ್ಟುಕೊಳ್ಳುವರೆಂದು ಆಶಿಸುತ್ತೇವೆ.