ಗುಲಾಬಿ ಬಣ್ಣದ ತೀರ್ಪು

ಮಹಿಳಾ ಸಮಾಜಗಳಲ್ಲಿ ಕಲಬೆರಕೆ ಪತ್ತೆಯ ಪ್ರಾತ್ಯಕ್ಷಿಕೆಗಳನ್ನು ಈಗ ನಡೆಸುವ ರೀತಿಯಲ್ಲಿ ನಡೆಸಲೇಬಾರದು ಎಂದರೆ, "ಕೆಮಿಸ್ಟ್ರಿ ಪಾಠ ಹೇಳಿದ ನೀವೇ ಹೀಗನ್ನಬಹುದೇ?" ಎನ್ನುತ್ತಾರೆ. ಪಾಠ ಹೇಳಿದವಳಾದ್ದರಿಂದಲೇ ಅನ್ನುತ್ತಿದ್ದೇನೆ.

2014ರಲ್ಲಿ ನಮ್ಮೂರ ಸಮಾಜದಲ್ಲಿ ಆ ತಪ್ಪು ಮಾಡಿದವಳು ನಾನೇ. ಮೆಟಾನಿಲ್ ಯೆಲ್ಲೋ ಬೆರೆಸಿಟ್ಟುಕೊಂಡು ಹೋಗಿದ್ದ ಅರಿಶಿನಪುಡಿಯ ಮೇಲೆ ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್ ಹನಿಸಿದೆ. ಕಡುಗುಲಾಬಿ ಬಂತು. ತಿನ್ನುವ ಪದಾರ್ಥಕ್ಕೆ ಹಾಕಲು ಕಾನೂನು ಒಪ್ಪದ ಬಣ್ಣ ಇದು ಎಂದೆ. ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಉಪ್ಪಿಟ್ಟು, ಕಾಫಿಯೂ ಬಂತು.

ಎದುರುಮನೆಯಾಕೆ ಮಾರನೆಯ ದಿನವೇ ಬಚ್ಚಲು ತೊಳೆಯುವ ಆಸಿಡ್ ತಂದು ತಮ್ಮ ಡಬ್ಬಿಯ ಅರಿಶಿನಕ್ಕೆ ಹಾಕಿ ನೋಡಿದರು. ಕೆಂಪು! ನಮ್ಮ ಬೀದಿಗೆ ಮನೆಮನೆಗೆ ಪುಡಿ ತಂದುಕೊಡುತ್ತಿದ್ದ ಹೆಂಗಸು ವಾರದೊಳಗೆ ಕಳ್ಳಿಯಾದಳು. ತಾನೇ ಕೊಂಬು ಬೇಯಿಸಿ, ಒಣಗಿಸಿ, ಗಿರಣಿಗೆ ಹೊತ್ತು ಪುಡಿ ಮಾಡಿಸುತ್ತಿದ್ದವಳು.

ಪರೀಕ್ಷೆಯ ಉಳಿದರ್ಧವನ್ನು ನಾನು ಹೇಳಿರಲೇ ಇಲ್ಲ. ಶುದ್ಧ ಅರಿಶಿನವೂ ಗಟ್ಟಿ ಆಸಿಡ್‌ನಲ್ಲಿ ಕೆಂಪಾಗುತ್ತದೆ. ಅದರಲ್ಲಿರುವ ಕರ್ಕ್ಯುಮಿನ್ ಗುಣವೇ ಅದು. ಮೇಲೆ ನೀರು ಬೆರೆಸಬೇಕು. ಕೆಂಪು ಹೋದರೆ ಅರಿಶಿನದ್ದು, ನಿಂತರೆ ಮೆಟಾನಿಲ್ ಯೆಲ್ಲೋ ಎಂದು ಅನುಮಾನ. ಅನುಮಾನ ಮಾತ್ರ. ಅರಿಶಿನದ ನೀರಿಗೆ ಸುಣ್ಣ ಕದಡಿ ಆರತಿ ಎತ್ತುವ ನಮಗೆ, ಅರಿಶಿನ ಬಣ್ಣ ಬದಲಿಸುತ್ತದೆಂದು ಯಾರಾದರೂ ಕಲಿಸಬೇಕಿತ್ತೇ?

ಇಂಥ ಹನಿ ಪರೀಕ್ಷೆಗಳನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರು ಫ್ರಿಟ್ಸ್ ಫೈಗ್ಲ್. 1891ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಊರು ಬಿಟ್ಟು ಬ್ರೆಜಿಲ್ ಸೇರಿದವರು. ಒಂದೇ ವಸ್ತುವಿಗೆ ಓಗೊಡುವ ಪರೀಕ್ಷೆ ಬೇರೆ, ಹಲವಕ್ಕೆ ಓಗೊಡುವ ಪರೀಕ್ಷೆ ಬೇರೆ ಎಂದು ಅವರು ಒತ್ತಿ ಹೇಳಿದರು. ನಮ್ಮ ಗುಲಾಬಿ ಎರಡನೆಯ ಜಾತಿಯದು. ಇನ್ನೊಂದು ವಿಷಯ ಕೇಳಿ. ಅರಿಶಿನಕ್ಕೆ ಬೆರೆಸುವ ಸೀಸದ ಕ್ರೋಮೇಟ್ ಇನ್ನೂ ದೊಡ್ಡ ವಿಷ. ಈ ಪರೀಕ್ಷೆ ಅದನ್ನು ಹಿಡಿಯುವುದೇ ಇಲ್ಲ. ಅಂದರೆ ಕೆಂಪಾದದ್ದು ನಿರಪರಾಧಿಯಿರಬಹುದು, ಆಗದ್ದು ವಿಷವಿರಬಹುದು.

ಇಷ್ಟೆಲ್ಲ ತೂಗಿ ನೋಡುವ ಕೆಲಸವನ್ನು, ಅದೂ ಮಕ್ಕಳು ಓಡಾಡುವ ಅಡಿಗೆಮನೆಗೆ ಆಸಿಡ್ ತಂದು, ಗೃಹಿಣಿಯ ತಲೆಗೆ ಕಟ್ಟುವುದೇಕೆ? 2006ರ ಆಹಾರ ಸುರಕ್ಷತೆಯ ಕಾಯ್ದೆಯ 40ನೇ ಕಲಮು ಏನು ಹೇಳುತ್ತದೆ? ಕೊಂಡ ಗ್ರಾಹಕರು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪದಾರ್ಥ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ವಾಪಸು. ಇದನ್ನು ಯಾವ ಪ್ರಾತ್ಯಕ್ಷಿಕೆಯಲ್ಲಾದರೂ ಕೇಳಿದ್ದೀರಾ? ನಾನೂ ಹೇಳಿರಲಿಲ್ಲ. ಗುಲಾಬಿ ಬಣ್ಣದಷ್ಟು ಚಪ್ಪಾಳೆ ಕಲಮಿಗೆ ಬೀಳುವುದಿಲ್ಲವಲ್ಲ.

ವಿಷಯ ತಿಳಿದು ನಾನು ಎದುರುಮನೆಗೆ ಹೋಗಿ ಆ ಪುಡಿಗೇ ಆಸಿಡ್ ಹಾಕಿ, ನೀರು ಬೆರೆಸಿ ತೋರಿಸಿದೆ. ಕೆಂಪು ಹೋಯಿತು. "ಇರಬಹುದು ರೀ, ಆದರೂ ಯಾಕೆ ಬೇಕು" ಎಂದರು. ಆಕೆ ಈಗ ಪುಡಿ ಮಾಡಿಸುವುದಿಲ್ಲ, ಬರಿಯ ಕೊಂಬು ಮಾರುತ್ತಾಳೆ.

ಮೊನ್ನೆ ಸಮಾಜದ ಕಾರ್ಯದರ್ಶಿ ಮತ್ತೆ ಕರೆಯಲು ಬಂದಿದ್ದರು. ಮೇಜಿನ ಮೇಲೊಂದು ತಂಬಿಗೆ ನೀರಿಡಿ, ಮುಂದಿನ ಸಾಲಿನಲ್ಲಿ ಆ ಹೆಂಗಸನ್ನು ಕೂರಿಸಿ, ಬರುತ್ತೇನೆ ಎಂದೆ. ಇನ್ನೂ ಉತ್ತರ ಬಂದಿಲ್ಲ.