ಬಣ್ಣದ ಗುಳ್ಳೆಗಳು

ಬಬ್ಲಿಂಗ್ ಫ್ಲೂಯಿಡೈಸ್ಡ್ ಬೆಡ್ ಅಂದ ಕೂಡಲೇ ಗಾಬರಿ ಬೇಡ. ಮರಳಿನ ಹಾಸಿಗೆ ಅಡಿಯಿಂದ ಗಾಳಿ ಊದಿ. ವೇಗ ಒಂದು ಮಿತಿ ದಾಟಿದ್ದೇ ತಡ, ಮರಳು ಒಲೆ ಮೇಲಿನ ಗಂಜಿಯ ಹಾಗೆ ಕೊತಕೊತ ಕುದಿಯತೊಡಗುತ್ತದೆ, ಗುಳ್ಳೆ ಸಮೇತ. ಅದನ್ನು 800-900 ಡಿಗ್ರಿಗೆ ಕಾಯಿಸಿ ಉಮಿ ಹಾಕಿದರೆ ಚೆನ್ನಾಗಿ ಉರಿಯುತ್ತದೆ. ಕುಚ್ಚಲಕ್ಕಿ ಮಿಲ್ಲುಗಳಿರುವ ಕಾರ್ಕಳ, ಉಡುಪಿಗೆ ಇದಕ್ಕಿಂತ ಹತ್ತಿರದ ವಿಷಯ ಬೇಕೇ? (ಕಾಪು ಹತ್ತಿರದ ಎಲ್ಲೂರಿನ 1,200 ಮೆಗಾವ್ಯಾಟ್ ಸ್ಥಾವರ ಈ ಜಾತಿಯದಲ್ಲ, ಅಲ್ಲಿ ಉರಿಯುವುದು ನುಣ್ಣಗೆ ಪುಡಿ ಮಾಡಿದ ಕಲ್ಲಿದ್ದಲು. ಅದರ ಜಗಳವೇ ಬೇರೆ.)

ನನ್ನ ತಕರಾರು ಇದನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುವವರ ಬಗ್ಗೆ. ಕೆಂಪು-ನೀಲಿ ಗುಳ್ಳೆಗಳ ಅನಿಮೇಶನ್ ತೋರಿಸಿ, "ಒತ್ತಡದ ಇಳಿತ ಪ್ರಯೋಗಕ್ಕೆ ಹೊಂದಿದೆ, ಮಾಡೆಲ್ ಸಾಬೀತಾಯಿತು" ಅನ್ನುತ್ತಾರೆ. ಸ್ವಾಮೀ, ಮರಳು ತೇಲುತ್ತಿರುವಾಗ ಆ ಇಳಿತ ಅಂದರೆ ಹೆಚ್ಚುಕಮ್ಮಿ ಮರಳಿನ ತೂಕವನ್ನು ತಳದ ವಿಸ್ತೀರ್ಣದಿಂದ ಭಾಗಿಸಿದ ಸಂಖ್ಯೆ, ಅಷ್ಟೇ! ಗುಳ್ಳೆಗಳೆಲ್ಲ ತಪ್ಪಾಗಿದ್ದರೂ ಅದು ಸರಿಯೇ ಬರುತ್ತದೆ. ಅದಕ್ಕೆ ತಕ್ಕಡಿ ಸಾಕು, ಕ್ಲಸ್ಟರ್ ಯಾಕೆ? ಗುಳ್ಳೆ ಎಷ್ಟು ದೊಡ್ಡದು, ಎಷ್ಟು ಬೇಗ ಏರುತ್ತದೆ, ಹಾಸು ಎಷ್ಟು ಉಬ್ಬುತ್ತದೆ... ಇವನ್ನು ಅಳೆದು ಹೋಲಿಸಿದ್ದೀರಾ?

ಇನ್ನೊಂದು. ಟೂ-ಫ್ಲೂಯಿಡ್ ಮಾಡೆಲ್‌ನಲ್ಲಿ ಕಣಗಳ ಗುಂಪನ್ನೂ ದ್ರವದಂತೆ ಹರಿಯುವ ವಸ್ತು ಅಂದುಕೊಳ್ಳುತ್ತಾರೆ. ಅದು ತಪ್ಪಲ್ಲ, ಕೋಟಿಗಟ್ಟಲೆ ಕಣಗಳನ್ನು ಒಂದೊಂದಾಗಿ ಹಿಂಬಾಲಿಸುವುದು ಕಷ್ಟ. ಆದರೆ ಗಾಳಿ ಕಣವನ್ನು ಎಷ್ಟು ಎಳೆಯುತ್ತದೆ ಅನ್ನುವ ಡ್ರ್ಯಾಗ್ ಸೂತ್ರ ಬೇಕಲ್ಲ? ಬಳಕೆಯಲ್ಲಿರುವ ಸೂತ್ರಗಳು ಬಹುಪಾಲು ಗೋಲಿಯಂಥ ಕಣಗಳವು. ಸಿಯಾಮ್ಲಾಲ್-ಓಬ್ರಿಯನ್ ಸೂತ್ರದ ಸ್ಥಿರಾಂಕಗಳನ್ನು, ನಮ್ಮ ಕಣ ತೇಲತೊಡಗುವ ವೇಗ ಅಳೆದು ಹೊಂದಿಸಿಕೊಳ್ಳಬಹುದು. ಅಳೆಯುವುದು ಯಾರು? ಸಾಫ್ಟ್‌ವೇರಿನಲ್ಲಿ ಮೊದಲೇ ಇದ್ದದ್ದನ್ನು ಹಾಗೇ ಬಿಟ್ಟು ರನ್ ಒತ್ತುವುದು ಸುಲಭ. ಉಮಿ ಗೋಲಿಯಲ್ಲ ಮಾರಾಯ್ರೇ, ಪುಟ್ಟ ದೋಣಿ! ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ, ಒಂಟಿಯಾಗಿ ಸರಿಯಾಗಿ ಕುದಿಯುವುದೂ ಇಲ್ಲ. ಮರಳು ಬೆರೆಸುವುದೇ ಅದಕ್ಕೆ. 1973ರಲ್ಲಿ ಗೆಲ್ಡಾರ್ಟ್ ಪುಡಿಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿದ್ದು ಗಾತ್ರ, ಸಾಂದ್ರತೆ ನೋಡಿ. ದೋಣಿಗೆ ಅಲ್ಲಿ ಜಾಗವಿಲ್ಲ.

ಬಣ್ಣದ ಚಿತ್ರ ನಂಬಿ ಮಿಲ್ಲಿನವರು ಒಲೆ ಕಟ್ಟಿಸಿ, ಅರೆಬೆಂದ ಉಮಿ ಚಿಮಣಿಯಿಂದ ಹಾರಿ ಪಕ್ಕದ ಮನೆಯ ಬಾವಿಗೆ ಬಿದ್ದರೆ ಬೈಸಿಕೊಳ್ಳುವವರು ಅವರು, ಪೇಪರ್ ಬರೆದವರಲ್ಲ.

"ಅಳೆಯಲು ದುಡ್ಡೆಲ್ಲಿ?" ಅನ್ನಬೇಡಿ. ಎಂಫಿಕ್ಸ್‌ನಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಉಳಿದ ದುಡ್ಡಲ್ಲಿ ಅಕ್ರಿಲಿಕ್ ಹಾಳೆಯ ತೆಳು ಪೆಟ್ಟಿಗೆ, ಬ್ಲೋವರ್, ನೀರಿನ ಮ್ಯಾನೋಮೀಟರ್ ತನ್ನಿ. ಗುಳ್ಳೆ ಹಿಡಿಯಲು ಮೊಬೈಲ್ ಕ್ಯಾಮೆರಾ ಇದೆ. ಮಣಿಪಾಲದಿಂದ ಕಾರ್ಕಳಕ್ಕೆ ಬಸ್ಸೂ ಇದೆ, ಒಂದು ಗೋಣಿ ಉಮಿ ತರಲು. ಆಮೇಲೆ ಅನಿಮೇಶನ್ ತೋರಿಸಿ, ನಾನೂ ಬಂದು ನೋಡುತ್ತೇನೆ :-)